ಮಾಳಿಗೆ ಸೋರುವ ಹಾಡು ಮತ್ತು ಗಿಟಾರು

ಗಿಟಾರು ನಮ್ಮ ಕಡೆಯವರಿಗೆ ಇವತ್ತಿಗೂ ಪೂರ್ತಿ ಒಗ್ಗಿದ ವಸ್ತುವಲ್ಲ. ಹೆಗಡೆಕಟ್ಟಾದಂಥ ಊರಿನಲ್ಲಿ ಹಾರ್ಮೋನಿಯಂ ಇದೆ, ತಬಲಾ ಇದೆ, ಚಂಡೆ ಮದ್ದಳೆಗಳಂತೂ ಮಾತು ಕಲಿಯುವ ಮೊದಲೇ ಕಿವಿಗೆ ಬಿದ್ದಿರುತ್ತವೆ. ಮಗ ಮದ್ದಳೆ ಕಲಿಯುತ್ತೇನೆಂದರೆ ಅಪ್ಪ ಒಳಗೊಳಗೇ ಹಿಗ್ಗುತ್ತಾನೆ. ಅದೇ ಮಗ ಗಿಟಾರು ಬೇಕೆಂದರೆ 'ಮೊದ್ಲು ಓದು ಮುಗೀಲಿ, ನೋಡನ' ಎನ್ನುತ್ತಾನೆ. ಗಿಟಾರಿಗೂ ಪರೀಕ್ಷೆಯಲ್ಲಿ ನಪಾಸಾಗುವುದಕ್ಕೂ ಏನೋ ಗುಟ್ಟಿನ ನಂಟಿದೆ ಎಂಬುದು ನಮ್ಮ ಹಿರಿಯರ ನಂಬಿಕೆ.

ಈ ನಂಬಿಕೆಗೆ ಸಿನಿಮಾವೂ ಸ್ವಲ್ಪ ಕಾರಣ. 1981ರಲ್ಲಿ ಶಂಕರನಾಗ್ ಅವರ 'ಗೀತಾ' ಬಂತು. ಬೆಂಗಳೂರಿನಲ್ಲಿ ಓಡಿ ಹಳತಾದ ಮೇಲೆ ನಮ್ಮ ಕಡೆಯ ಟಾಕೀಸಿಗೆ ಬಂದಿರಬೇಕು. ಹೊನ್ನಾವರದ ಕಡೆಯ ಹುಡುಗ, ನಮ್ಮದೇ ಜಿಲ್ಲೆಯವ, ವೇದಿಕೆಯ ಮೇಲೆ ಕುಣಿಯುತ್ತ ಹಾಡುವ ಗಾಯಕನ ವೇಷದಲ್ಲಿ! ಇಳಯರಾಜಾರ ಸಂಗೀತ. ನಾವು ಹುಡುಗಿಯರೆಲ್ಲ ಬೆರಗಾಗಿ ನೋಡಿದೆವು. ಆದರೆ ಗಿಟಾರು ಬಾರಿಸುವವರು ತೆರೆಯ ಮೇಲೆ ಇರುವವರು, ನಮ್ಮಂಥ ಮನೆಗಳಲ್ಲಿ ಹುಟ್ಟುವವರಲ್ಲ ಎಂದು ಆಗಲೇ ಮನಸ್ಸಿನಲ್ಲಿ ತೀರ್ಮಾನವಾಗಿ ಹೋಗಿತ್ತು.

ರಘು ದೀಕ್ಷಿತ್ ನಮ್ಮಂಥ ಮನೆಯಲ್ಲೇ ಬೆಳೆದವರು. ಹುಟ್ಟಿದ್ದು 1974ರ ನವೆಂಬರಿನಲ್ಲಿ, ನಾಸಿಕದಲ್ಲಿ. ಬೆಳೆದದ್ದು ಮೈಸೂರಿನ ಸಂಪ್ರದಾಯಸ್ಥ ಕುಟುಂಬದಲ್ಲಿ. ಕಲಿತದ್ದು ಭರತನಾಟ್ಯ, ಅದೂ ವಿದ್ವತ್ ಪರೀಕ್ಷೆಯವರೆಗೆ. ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ. ಇಷ್ಟರಲ್ಲಿ ಗಿಟಾರಿನ ಸುಳಿವೇ ಇಲ್ಲ, ನೋಡಿ. ಅದು ಬಂದದ್ದು ಒಂದು ಪಂಥದಿಂದ. ಗಂಡು ಹುಡುಗ ಭರತನಾಟ್ಯ ಮಾಡುತ್ತಾನೆಂದು ಕಾಲೇಜಿನಲ್ಲಿ ಸಹಪಾಠಿಯೊಬ್ಬ ಗೇಲಿ ಮಾಡಿದ. ರೇಗಿದ ಈ ಹುಡುಗ, ನಿನ್ನ ಹಾಗೆ ಗಿಟಾರು ಬಾರಿಸಲು ನನಗೆ ಎಷ್ಟು ದಿನ ಬೇಕು ಎಂದು ಪಂಥ ಕಟ್ಟಿ, ತಾನಾಗಿಯೇ ಕಲಿತು ತೋರಿಸಿದ. ಇದನ್ನು ಅವರೇ ಎಷ್ಟೋ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ಈ ಕತೆಯನ್ನು ನಾನು ಒಮ್ಮೆ ಎಂಟನೆಯ ತರಗತಿಯಲ್ಲಿ ಹೇಳಿದೆ. ಹೇಳಲು ಕಾರಣವಿತ್ತು. ಆ ತರಗತಿಯಲ್ಲಿ ಯಕ್ಷಗಾನದ ಸ್ತ್ರೀವೇಷ ಮಾಡುವ ಹುಡುಗನೊಬ್ಬನಿದ್ದ. ಅವನ ಹೆಜ್ಜೆ ನೋಡಿ ರಾತ್ರಿ ಆಟದಲ್ಲಿ ತಲೆದೂಗಿದ ಊರೇ ಬೆಳಗಾದ ಮೇಲೆ ಅವನ ನಡಿಗೆಯನ್ನು ಅಣಕಿಸುತ್ತಿತ್ತು. ರಂಗಸ್ಥಳದ ಮೇಲೆ ದ್ರೌಪದಿಯಾದರೆ ಕೈಮುಗಿಯುವುದು, ಕೆಳಗಿಳಿದರೆ ಕೀಟಲೆ ಮಾಡುವುದು, ಇದು ನಮ್ಮ ಕಲಾಪ್ರೇಮದ ಇನ್ನೊಂದು ಮುಖ. ಕತೆ ಕೇಳಿದ ಮಕ್ಕಳಲ್ಲಿ ಒಬ್ಬ ಹುಡುಗಿ ಎದ್ದು ನಿಂತು, "ಅಕ್ಕೋರೆ, ಗಿಟಾರು ಕಲ್ತ ಮೇಲೆ ಅವ್ರು ಡ್ಯಾನ್ಸ್ ಬಿಟ್ರಾ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಬಿಡಲಿಲ್ಲ. ಕೊರಳಿಗೆ ಗಿಟಾರು ನೇತುಹಾಕಿಕೊಂಡು ಹಾಡುವಾಗಲೂ ಬಣ್ಣದ ಲುಂಗಿಯ ಕೆಳಗೆ ಕಾಲಿನಲ್ಲಿ ಗೆಜ್ಜೆ ಇರುತ್ತದೆ. ಗೇಲಿ ಮಾಡಿದವನಿಗೆ ಅದಕ್ಕಿಂತ ಸಮರ್ಥ ಉತ್ತರ ನನಗಂತೂ ತೋಚುವುದಿಲ್ಲ.

ಓದು ಮುಗಿಸಿ ನೌಕರಿಗೆ ಸೇರಿ, ಬೆಲ್ಜಿಯಮ್ಮಿಗೂ ಹೋಗಿ, ಕೊನೆಗೆ ಸೂಕ್ಷ್ಮದರ್ಶಕವನ್ನು ಬಿಟ್ಟು ಸಂಗೀತವನ್ನೇ ನೆಚ್ಚಿಕೊಂಡರು. ಮೊದಲು 'ಅಂತರಾಗ್ನಿ' ಎಂಬ ತಂಡ, ಆಮೇಲೆ 'ರಘು ದೀಕ್ಷಿತ್ ಪ್ರಾಜೆಕ್ಟ್'. ಜಿಂಗಲ್ಲುಗಳು, ಬಾಗಿಲು ತೆರೆಯದ ಕಂಪನಿಗಳು, ಇವೆಲ್ಲ ಎಲ್ಲ ಕಲಾವಿದರ ಬಾಳಿನಲ್ಲೂ ಇರುವಂಥವು. ಮೊದಲ ಧ್ವನಿಮುದ್ರಿಕೆ ಬಂದಾಗ 2008, ಅವರಿಗೆ 33 ವರ್ಷ. ಅದನ್ನು ಹೊರತಂದವರು ಹಿಂದಿ ಸಿನಿಮಾದ ಸಂಗೀತ ನಿರ್ದೇಶಕ ಜೋಡಿ ವಿಶಾಲ್ ಮತ್ತು ಶೇಖರ್. ಅದೇ ವರ್ಷ 'ಸೈಕೋ' ಚಿತ್ರಕ್ಕೆ ಅವರು ಮಾಡಿದ ಮಹದೇಶ್ವರನ ಹಾಡು ರಿಕ್ಷಾಗಳಲ್ಲಿ, ಮದುವೆ ಮನೆಗಳಲ್ಲಿ, ಎಲ್ಲಿ ಹೋದರಲ್ಲಿ ಕೇಳಿಸುತ್ತಿತ್ತು. 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ ಅಲ್ಲಿನ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಪ್ರತಿಭೆಯ ಪ್ರಶಸ್ತಿ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಈ ಪಟ್ಟಿಯಲ್ಲ. 2008ರ ಆ ಮುದ್ರಿಕೆಯಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ಎರಡು ತತ್ವಪದಗಳಿದ್ದವು. ಒಂದು ಗುಡುಗುಡಿಯದು, ಇನ್ನೊಂದು ಮಾಳಿಗೆ ಸೋರುವುದು.

ಶರೀಫರನ್ನು ನಾನು ನೆರೆಯವರೆಂದೇ ತಿಳಿದಿದ್ದೇನೆ. ಶಿರಸಿಯಿಂದ ಮುಂಡಗೋಡ ದಾಟಿ ಹುಬ್ಬಳ್ಳಿಗೆ ಹೋಗುವ ದಾರಿಗೆ ಶಿಶುನಾಳ ಬಹಳ ದೂರವಲ್ಲ. 1819ರ ಮಾರ್ಚ್ 7ರಂದು ಹುಟ್ಟಿ, 1889ರ ಮಾರ್ಚ್ 7ರಂದೇ ತೀರಿಕೊಂಡರು. ಮುಲ್ಕಿ ಪರೀಕ್ಷೆ ಪಾಸಾಗಿ ಕೆಲವು ಕಾಲ ಶಾಲಾ ಮಾಸ್ತರಿಕೆ ಮಾಡಿದರು ಎಂಬುದು ನನ್ನಂಥವಳಿಗೆ ಇನ್ನೂ ಹತ್ತಿರದ ಸಂಗತಿ. ಮಾಸ್ತರಿಕೆ ಬಿಟ್ಟರು ಎಂಬುದು ಅಷ್ಟೇ ಅರ್ಥವಾಗುವ ಸಂಗತಿ! ಕಳಸದ ಗೋವಿಂದ ಭಟ್ಟರ ಶಿಷ್ಯರಾದರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ. ಎರಡೂ ಕಡೆಯವರಿಂದ ಮಾತು ಕೇಳಬೇಕಾಯಿತು. ಕಣ್ಣಿಗೆ ಬಿದ್ದ ಗೃಹಕೃತ್ಯದ ವಸ್ತುವನ್ನೆಲ್ಲ ಹಾಡು ಮಾಡಿದರು.

ಮಾಳಿಗೆಯ ಹಾಡಿನ ಅರ್ಥ ನಮ್ಮ ಮಲೆನಾಡಿನ ಮಕ್ಕಳಿಗೆ ಕೂಡಲೇ ಹೊಳೆಯುವುದಿಲ್ಲ. ನಮ್ಮಲ್ಲಿ ಮಾಳಿಗೆಯೆಂದರೆ ಮಹಡಿ. ಬಯಲುಸೀಮೆಯಲ್ಲಿ ಅದು ಮನೆಯ ಮೇಲಿನ ಚಪ್ಪಟೆಯಾದ ಮಣ್ಣಿನ ಹೊದಿಕೆ. ಮಳೆಗಾಲಕ್ಕೆ ಮೊದಲು ಯಾರಾದರೂ ಮೇಲೆ ಹತ್ತಿ ಮಣ್ಣು ಹಾಕಿ ಮುಚ್ಚದಿದ್ದರೆ ಒಳಗಿರುವವರ ಪಾಡು ದೇವರೇ ಬಲ್ಲ. ಆದರೆ ಸೋರುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಸೋಗೆ ಮನೆಯಲ್ಲಿ ಬೆಳೆದ ನನ್ನ ಅತ್ತೆಯವರು ಆಷಾಢದ ರಾತ್ರಿಗಳಲ್ಲಿ ಕೊಡಪಾನ, ಚರಿಗೆ, ಕೊನೆಗೆ ಊಟದ ತಟ್ಟೆಯನ್ನೂ ನೀರು ಬೀಳುವಲ್ಲಿ ಇಟ್ಟು ಮಕ್ಕಳನ್ನು ಒಣ ಜಾಗ ಹುಡುಕಿ ಮಲಗಿಸುತ್ತಿದ್ದುದನ್ನು ಹೇಳುತ್ತಿದ್ದರು. ಶರೀಫರು ಅಜ್ಞಾನದಿಂದ ಮಾಳಿಗೆ ಸೋರುತ್ತಿದೆಯೆಂದು ಹಾಡಿದರು. ಅತ್ತೆಯವರು ಅದನ್ನು ಕೇಳಿದಾಗಲೆಲ್ಲ ಕೇಳುತ್ತಿದ್ದುದು ಒಂದೇ: ಸೋರುವ ಕೆಳಗೆ ಪಾತ್ರೆ ಇಟ್ಟವಳು ಯಾರು ಎಂದು ಹಾಡಿನಲ್ಲಿ ಬರುವುದೋ ಇಲ್ಲವೋ?

ನಮ್ಮ ತಲೆಮಾರಿಗೆ ಶರೀಫರನ್ನು ತಂದುಕೊಟ್ಟವರು ಸಿ. ಅಶ್ವಥ್. ಮೊದಲು ಕ್ಯಾಸೆಟ್ಟುಗಳು, ಆಮೇಲೆ 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾಗಿ. ಅಶ್ವಥ್ ಅವರ ಏರುದನಿ ನಮ್ಮ ಕಿವಿಯಲ್ಲಿ ಎಷ್ಟು ಗಟ್ಟಿಯಾಗಿ ಕುಳಿತುಬಿಟ್ಟಿತೆಂದರೆ, ಶರೀಫರೇ ಬಂದು ಹಾಡಿದರೂ 'ಧಾಟಿ ತಪ್ಪಿತು' ಎನ್ನುವಂತಾಗಿದ್ದೆವು. ಆದ್ದರಿಂದ ಮಗಳು ಮೊದಲ ಸಲ ರಘು ದೀಕ್ಷಿತರ ಮುದ್ರಿಕೆ ಹಾಕಿದಾಗ ಅತ್ತೆಯವರು ಅಡುಗೆಮನೆಯಿಂದಲೇ, "ಈ ಮಾಣಿ ಶರೀಫಜ್ಜನ ಹಾಡ ಎಂತಕ್ಕೆ ಹಿಂಗೆ ಕೂಗ್ತ?" ಎಂದರು. ಹಾಡು ಮುಗಿಯುವ ಹೊತ್ತಿಗೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದರು.

ಗಿಟಾರು ಆ ಹಾಡಿಗೆ ಮಾಡಿದ್ದೇನು? ನನಗೆ ತಿಳಿದಂತೆ ಹೇಳುತ್ತೇನೆ. ನಮ್ಮ ಸಂಗೀತದಲ್ಲಿ ಸ್ವರಗಳು ನೀರು ತರುವ ಹೆಂಗಸರಂತೆ ಒಬ್ಬರ ಹಿಂದೆ ಒಬ್ಬರು ಬರುತ್ತವೆ. ಗಿಟಾರಿನಲ್ಲಿ ಎಡಗೈ ಬೆರಳುಗಳು ಬೇರೆ ಬೇರೆ ತಂತಿಗಳನ್ನು ಒಟ್ಟಿಗೇ ಅದುಮುತ್ತವೆ, ಬಲಗೈ ಆರೂ ತಂತಿಗಳ ಮೇಲೆ ಒಂದೇ ಬೀಸಿಗೆ ಹಾಯುತ್ತದೆ. ಹಲವು ಸ್ವರಗಳು ಒಂದೇ ಉಸಿರಿಗೆ ನುಡಿಯುತ್ತವೆ. ಇದಕ್ಕೆ ಕಾರ್ಡ್ ಎನ್ನುತ್ತಾರೆ. ಸೂಕ್ಷ್ಮವಾದ ರಾಗಕ್ಕೆ ಇದು ಅಡ್ಡ ಬರಬಹುದು. ತತ್ವಪದಕ್ಕೆ ಬರುವುದಿಲ್ಲ, ಏಕೆಂದರೆ ತತ್ವಪದ ನಿಂತಿರುವುದು ಮಾತಿನ ಏಟಿನ ಮೇಲೆ, ಲಯದ ಮೇಲೆ. ಏಕತಾರಿ ಮತ್ತು ದಮ್ಮಡಿ ಮಾಡುವ ಕೆಲಸವನ್ನು ಗಿಟಾರು ಒಂದೇ ಕೈಯಲ್ಲಿ ಮಾಡಿಬಿಡುತ್ತದೆ. ರಘು ದೀಕ್ಷಿತ್ ಬಾರಿಸುವುದೂ ಹೆಚ್ಚಾಗಿ ಇಂಥ ಆಸರೆಯ ಗಿಟಾರನ್ನೇ. ಮಿಂಚು ಹರಿಸುವ ವಿದ್ಯುತ್ ಗಿಟಾರಿಗೆ ತಂಡದಲ್ಲಿ ಬೇರೆಯವರಿದ್ದಾರೆ. ಆ ವಿದ್ಯುತ್ ಗಿಟಾರು ಕೂಡ ಮಾಯಾಮಂತ್ರವಲ್ಲ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ಮೇಲಿನ ತಂತಿ ಕಂಪಿಸಿದಂತೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ, ಧ್ವನಿವರ್ಧಕ ಅದನ್ನು ಹಿಗ್ಗಿಸುತ್ತದೆ. ಹತ್ತನೆಯ ತರಗತಿಯ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ, ಅಷ್ಟೇ. 1930ರ ದಶಕದ ಮೊದಲಲ್ಲಿ ಅಮೆರಿಕದವರು ಇದನ್ನು ಮಾರಾಟಕ್ಕೆ ತಂದರು.

ಆ ಗಿಟಾರನ್ನು ರಾಕ್ ಸಂಗೀತದ ಕಡೆಗೆ ತಿರುಗಿಸಿದವರಲ್ಲಿ ಮೊದಲಿಗಳು ಒಬ್ಬ ಹೆಂಗಸು ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಸಿಸ್ಟರ್ ರೊಸೆಟ್ಟಾ ಥಾರ್ಪ್. 1915ರಲ್ಲಿ ಅರ್ಕಾನ್ಸಾದಲ್ಲಿ ಹುಟ್ಟಿದ ಕಪ್ಪು ಜನಾಂಗದ ಹುಡುಗಿ. ತಾಯಿ ಚರ್ಚಿನ ಪ್ರಚಾರಕಿ, ಮ್ಯಾಂಡೊಲಿನ್ ನುಡಿಸುವವಳು. ಮಗಳು ಎಳವೆಯಲ್ಲೇ ಗಿಟಾರು ಹಿಡಿದು ದೇವರ ಹಾಡು ಹಾಡಿದಳು. 1938ರಲ್ಲಿ ಅವೇ ಹಾಡುಗಳನ್ನು ಮುದ್ರಿಸಿ, ಕ್ಲಬ್ಬುಗಳಲ್ಲೂ ಹಾಡಿದಾಗ ಚರ್ಚಿನವರು ಮುಖ ಗಂಟಿಕ್ಕಿದರು. 1964ರಲ್ಲಿ ಮ್ಯಾಂಚೆಸ್ಟರಿನ ಒಂದು ಪಾಳುಬಿದ್ದ ರೈಲು ನಿಲ್ದಾಣದಲ್ಲಿ, ಮಳೆಯ ದಿನ, ದಪ್ಪ ಕೋಟು ತೊಟ್ಟು ಆಕೆ ವಿದ್ಯುತ್ ಗಿಟಾರು ಬಾರಿಸಿದ ದೃಶ್ಯ ಇವತ್ತಿಗೂ ನೋಡಲು ಸಿಗುತ್ತದೆ, ನೋಡಿ. 1973ರಲ್ಲಿ ತೀರಿಕೊಂಡಳು. ಮೂರು ದಶಕಕ್ಕೂ ಹೆಚ್ಚು ಕಾಲ ಅವಳ ಸಮಾಧಿಗೆ ಹೆಸರಿನ ಒಂದು ಕಲ್ಲೂ ಇರಲಿಲ್ಲ. ಅಲ್ಲಿನ ರಾಕ್ ಸಂಗೀತದ ಗೌರವ ಪಟ್ಟಿಗೆ ಅವಳ ಹೆಸರು ಸೇರಿದ್ದು 2018ರಲ್ಲಿ. ಆಕೆ ಬದುಕಿದ್ದಾಗ ಜನ ಕೊಡುತ್ತಿದ್ದ ದೊಡ್ಡ ಹೊಗಳಿಕೆಯೆಂದರೆ 'ಗಂಡಸಿನ ಹಾಗೆ ಬಾರಿಸುತ್ತಾಳೆ' ಎಂಬುದು. ಮೈಸೂರಿನ ಹುಡುಗನಿಗೆ ಸಿಕ್ಕ ಗೇಲಿಯನ್ನು ತಿರುಗಿಸಿ ಹಿಡಿದರೆ ಇದೇ ಮಾತಾಗುತ್ತದೆ.

2018 ಎಂದ ಮೇಲೆ ಇನ್ನೊಂದನ್ನೂ ಹೇಳಬೇಕು. ಹೆಂಗಸರು ಓದುವ ಬರಹದಲ್ಲಿ ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ, ದೇಶದ ತುಂಬ ಹೆಣ್ಣುಮಕ್ಕಳು ತಮಗಾದದ್ದನ್ನು ಹೇಳತೊಡಗಿದ್ದಾಗ, ಹೆಸರು ಹೊರಗೆ ಬಾರದ ಗಾಯಕಿಯೊಬ್ಬರು ರಘು ದೀಕ್ಷಿತ್ ತಮ್ಮೊಡನೆ ಅನುಚಿತವಾಗಿ ನಡೆದುಕೊಂಡರೆಂದು ಮಾಡಿದ ದೂರನ್ನು ಗಾಯಕಿ ಚಿನ್ಮಯಿ ಶ್ರೀಪಾದ ಬಹಿರಂಗಪಡಿಸಿದರು. ನಡೆದದ್ದು ಎಲ್ಲವೂ ಹೇಳಿದ ಹಾಗೇ ಅಲ್ಲದಿರಬಹುದು ಎನ್ನುತ್ತಲೇ ದೀಕ್ಷಿತ್ ತಮ್ಮಿಂದ ತಪ್ಪಾಗಿದೆಯೆಂದು ಬಹಿರಂಗವಾಗಿ ಕ್ಷಮೆ ಕೇಳಿದರು. ಆಮೇಲೆಯೂ ಅವರ ಕೆಲಸ ನಡೆದಿದೆ; 2020ರ 'ಲವ್ ಮಾಕ್‌ಟೇಲ್' ಚಿತ್ರದ ಹಾಡುಗಳನ್ನು ನೀವೂ ಕೇಳಿರುತ್ತೀರಿ.

ಆ ಸುದ್ದಿ ಬಂದ ವಾರ ನಮ್ಮ ಶಾಲೆಯಲ್ಲಿ ವಾರ್ಷಿಕೋತ್ಸವದ ತಯಾರಿ. ಹುಡುಗಿಯರು ಆರಿಸಿಕೊಂಡದ್ದು ಮಾಳಿಗೆಯ ಹಾಡನ್ನೇ, ಅದೂ ಗಿಟಾರಿನ ಧಾಟಿಯಲ್ಲಿ. ಶಿಕ್ಷಕರ ಕೋಣೆಯಲ್ಲಿ ಎರಡು ಪಕ್ಷವಾಯಿತು. ಹಾಡಿಗೂ ಮನುಷ್ಯನಿಗೂ ಏನು ಸಂಬಂಧ ಎಂದರು ಕೆಲವರು. ಮಕ್ಕಳ ಎದುರಿಗೆ ಆ ಹೆಸರೇ ಬೇಡ ಎಂದರು ಕೆಲವರು. ಎರಡೂ ನನಗೆ ಸುಲಭದ ದಾರಿಗಳಾಗಿ ಕಂಡವು. ಸಂಬಂಧವಿಲ್ಲ ಎಂದರೆ ದೂರು ಕೊಟ್ಟ ಆ ಹೆಣ್ಣುಮಗಳ ಹಾಡುಗಾರಿಕೆಗೆ ಬೆಲೆಯಿಲ್ಲ ಎಂದಂತೆ. ಅವಳೂ ಹಾಡಲೆಂದೇ ಹೋದವಳು. ಹೆಸರೇ ಬೇಡ ಎಂದರೆ, ಗೇಲಿಗೆ ಅಂಜದೆ ಗೆಜ್ಜೆ ಕಟ್ಟಿದ ಆ ಕತೆಯನ್ನು ಸ್ತ್ರೀವೇಷದ ಹುಡುಗನಿಗೆ ಹೇಗೆ ಹೇಳುವುದು?

ಮಕ್ಕಳಿಗೆ ವಿಷಯ ನಮಗಿಂತ ಮೊದಲೇ ಗೊತ್ತಿತ್ತು, ಈಗಿನ ಕಾಲದಲ್ಲಿ ಗೊತ್ತಾಗದಿರುವುದೇನಿದೆ? ಕರೆದು ಕೂಡಿಸಿ ಕೇಳಿದೆ. ಹತ್ತನೆಯ ತರಗತಿಯ ಒಬ್ಬಳು, "ಹಾಡು ಶರೀಫಜ್ಜಂದಲ್ದಾ ಅಕ್ಕೋರೆ? ಅದ ಎಂತಕ್ಕೆ ಬಿಡದು?" ಎಂದಳು. ಧಾಟಿ ಯಾವುದಿರಲಿ ಎಂದು ಕೇಳಿದ್ದಕ್ಕೆ ತಮ್ಮದೇ ಒಂದನ್ನು ಕೂಡಿಸುತ್ತೇವೆ ಎಂದರು. ನಾಲ್ಕು ದಿನ ಕೂತು ಕೂಡಿಸಿದರು. ಹಾರ್ಮೋನಿಯಮ್ಮಿನ ಶ್ರುತಿ, ಮದ್ದಳೆಗೆ ಆ ಸ್ತ್ರೀವೇಷದ ಹುಡುಗ, ಮತ್ತು ಶಿರಸಿಯ ಅಣ್ಣನಿಂದ ಒಬ್ಬಳು ಎರವಲು ತಂದ ಗಿಟಾರು. ಅವಳಿಗೆ ಬರುತ್ತಿದ್ದುದು ಮೂರೇ ಕಾರ್ಡು. ತಂತಿ ಅದುಮಿ ಅದುಮಿ ಎಡಗೈ ಬೆರಳ ತುದಿಗಳು ಕೆಂಪಾಗಿದ್ದವು. ಕೊಬ್ಬರಿ ಎಣ್ಣೆ ಹಚ್ಚಿಕೋ ಎಂದು ನಾನು ಹೇಳಿದರೆ, ಹಚ್ಚಿದರೆ ತಂತಿ ಜಾರುತ್ತದೆ ಎಂದು ನನಗೇ ಪಾಠ ಹೇಳಿದಳು. ಈಗ ಅವಳು ಧಾರವಾಡದಲ್ಲಿ ಓದುತ್ತಿದ್ದಾಳೆ. ಕಳೆದ ಸಲ ರಜೆಗೆ ಬಂದಾಗ ಬಸ್ಸಿನಿಂದಿಳಿದವಳ ಬೆನ್ನ ಮೇಲೆ ಅವಳದೇ ಒಂದು ಗಿಟಾರಿತ್ತು, ಮಳೆಗೆ ನೆನೆಯದ ಹಾಗೆ ಅಡಿಕೆ ತೋಟದವರು ತೊಡುವ ಪ್ಲಾಸ್ಟಿಕ್ ಕೊಪ್ಪೆಯಲ್ಲಿ ಸುತ್ತಿದ್ದು.