ಬಿಷಪ್ಪರು ಧರ್ಮಾಧ್ಯಕ್ಷರಾದ ಬಗೆ

ಶಿರಗುಪ್ಪಿಯ ಕಡೆ ‘ಅಧ್ಯಕ್ಷರು’ ಅಂದರೆ ಮೊದಲು ನೆನಪಾಗುವುದು ಗ್ರಾಮ ಪಂಚಾಯ್ತಿ. ಆಯ್ಕೆಯಾದ ದಿನ ಕೊರಳಿಗೆ ಹಾರ, ಹಣೆ ತುಂಬ ಗುಲಾಲು, ಖುರ್ಚಿಯ ಹಿಂದೆ ಹೊಸ ಹೆಸರಿನ ಫಲಕ. ಅದೇ ಮಾತು ಬೆಳಗಾವಿಯ ಕ್ಯಾಥೊಲಿಕ್ ಚರ್ಚಿನೊಳಗೆ ‘ಧರ್ಮಾಧ್ಯಕ್ಷ’ ಆಗುತ್ತದೆ. ಬಿಷಪ್ಪರಿಗೆ ಕನ್ನಡ ಕೊಟ್ಟ ಹೆಸರು ಅದು.

ಬಿಷಪ್ ಎಂಬುದರ ಮೂಲ ಗ್ರೀಕಿನ ‘ಎಪಿಸ್ಕೋಪೋಸ್’. ‘ಎಪಿ’ ಅಂದರೆ ಮೇಲೆ, ‘ಸ್ಕೋಪೋಸ್’ ಅಂದರೆ ನೋಡುವವನು. ಕ್ರೈಸ್ತ ಧರ್ಮ ಹುಟ್ಟುವ ಮೊದಲೇ, ಕ್ರಿ.ಪೂ. 5ನೇ ಶತಮಾನದಲ್ಲಿ, ಅಥೆನ್ಸ್ ತನ್ನ ಅಧೀನದ ಊರುಗಳಿಗೆ ಕಳಿಸುತ್ತಿದ್ದ ಮೇಲ್ವಿಚಾರಕರಿಗೆ ಈ ಹೆಸರಿತ್ತು. ಸಂಸ್ಕೃತದಲ್ಲಿ ಗೂಢಚಾರನಿಗೆ ಹೇಳುವ ‘ಸ್ಪಶ’ ಕೂಡ ಇದೇ ಬೇರಿನದು. ಲ್ಯಾಟಿನ್ನಿನಲ್ಲಿ ಆ ಗ್ರೀಕ್ ಪದ ‘ಎಪಿಸ್ಕೋಪುಸ್’ ಆಯಿತು, ಪೋರ್ಚುಗೀಸಿನಲ್ಲಿ ಸವೆದು ‘ಬಿಸ್ಪೊ’ ಆಯಿತು. ಅಲ್ಲಿಂದ ಕೊಂಕಣಿಗೆ ಬಂದದ್ದು ‘ಬಿಸ್ಪ್’; ಕರಾವಳಿಯ ಮನೆಗಳಲ್ಲಿ ಇವತ್ತಿಗೂ ಅದೇ ಮಾತು.

ಒಳನಾಡಿನ ಕಥೆ ಬೇರೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರಲು ಕೂತರು. 1820ರಲ್ಲಿ ಅದೇ ಮಿಷನ್ ಬೆಳಗಾವಿಯಲ್ಲಿ ನೆಲೆಯೂರಿತು, 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಈ ಎರಡೂ ಮಿಷನ್‌ಗಳ ಸಭೆಗಳಲ್ಲಿ ಬಿಷಪ್ ಪದವಿಯೇ ಇರಲಿಲ್ಲ. ಆದರೂ ಪೌಲನ ಪತ್ರಗಳಲ್ಲಿ ಬರುವ ‘ಎಪಿಸ್ಕೋಪೋಸ್’ಗೆ ಒಂದು ಮಾತು ಬೇಕಲ್ಲ. ಕನ್ನಡ ಬೈಬಲ್ಲಿನಲ್ಲಿ ಅದು ‘ಸಭಾಧ್ಯಕ್ಷ’ ಎಂದು ನೆಲೆನಿಂತಿತು. ಪದವಿ ಬರುವ ಮೊದಲೇ ಹೆಸರು ಬಂದಿತ್ತು. 1947ರಲ್ಲಿ ಹುಟ್ಟಿದ ಚರ್ಚ್ ಆಫ್ ಸೌತ್ ಇಂಡಿಯಾ ಬಿಷಪ್ ಪದವಿಯನ್ನು ಒಪ್ಪಿಕೊಂಡಿತು.

ಕ್ಯಾಥೊಲಿಕರು ಹಿಡಿದದ್ದು ‘ಧರ್ಮಾಧ್ಯಕ್ಷ’. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯವಾಯಿತು, ಅದೇ ವರ್ಷ ಬೆಂಗಳೂರಿಗೆ ಮಹಾಧರ್ಮಾಧ್ಯಕ್ಷರು ಬಂದರು. 1962–65ರ ಎರಡನೇ ವ್ಯಾಟಿಕನ್ ಸಮ್ಮೇಳನದಿಂದಾಗಿ ಪೂಜೆ ಲ್ಯಾಟಿನ್ ಬಿಟ್ಟು ಜನರ ಭಾಷೆಗೆ ಬಂದ ಮೇಲೆ ಈ ಮಾತು ಪ್ರಾರ್ಥನೆಯಲ್ಲೂ ಬೆರೆಯಿತು.

ನನ್ನನ್ನು ಬೆರಗುಗೊಳಿಸುವುದು ಈ ಆಯ್ಕೆಯ ಖಚಿತತೆ. ‘ಅಧಿ’ ಅಂದರೆ ಮೇಲೆ, ‘ಅಕ್ಷ’ ಅಂದರೆ ಕಣ್ಣು ಎಂದು ‘ಅಧ್ಯಕ್ಷ’ವನ್ನು ಬಿಡಿಸುವುದು ರೂಢಿ. ಅಂದರೆ ಎಪಿಸ್ಕೋಪೋಸ್‌ನ ಅರ್ಥವೇ! ಕೌಟಿಲ್ಯನ ಅರ್ಥಶಾಸ್ತ್ರದ ಎರಡನೇ ಅಧಿಕರಣದ ಹೆಸರೇ ‘ಅಧ್ಯಕ್ಷಪ್ರಚಾರ’. ಬೇಸಾಯ ನೋಡಿಕೊಳ್ಳುವವನು ಅಲ್ಲಿ ಸೀತಾಧ್ಯಕ್ಷ, ವ್ಯಾಪಾರ ನೋಡಿಕೊಳ್ಳುವವನು ಪಣ್ಯಾಧ್ಯಕ್ಷ. ಗ್ರೀಕಿನಲ್ಲೂ ನಮ್ಮಲ್ಲೂ ಆಳ್ವಿಕೆಯ ಮಾತೇ ಧರ್ಮಕ್ಕೆ ದಾಟಿದೆ. ನಮ್ಮ ಭಾಗದ ಜೈನರು ಗಡಿಯಾಚೆಯ ನಾಂದಣಿ ಮಠದ ಪೀಠಾಧಿಪತಿಗಳನ್ನು ಕರೆಯುವ ‘ಭಟ್ಟಾರಕ’ವೂ ಹಾಗೆಯೇ: ಶಾಸನಗಳಲ್ಲಿ ಚಾಲುಕ್ಯ ಅರಸರು ‘ಪರಮಭಟ್ಟಾರಕ’ರು.

ಪತ್ರಿಕೆಯವರು ಇವತ್ತಿಗೂ ‘ಬಿಷಪ್’ ಎಂದೇ ಬರೆಯುತ್ತಾರೆ. ಅದು ಮೂಲದಿಂದ ಸವೆದು ಉಳಿದ ಚೂರು. ಪೂರ್ತಿ ಅರ್ಥ ಹೊತ್ತ ‘ಧರ್ಮಾಧ್ಯಕ್ಷ’ ಕೈಯಲ್ಲೇ ಇದೆ. ದಯವಿಟ್ಟು ಅದನ್ನು ಬಳಸಿ.