ಕುದುರೆ ಕಳ್ಳನೂ ತಂತಿ ಕಳ್ಳರೂ

ಚೆನ್ನೈನ ಸೌಕಾರ್‌ಪೇಟೆಯ ಕಸುಬು ಅದರ ಹೆಸರಿನಲ್ಲೇ ಇದೆ: ಸಾಹುಕಾರರ ಪೇಟೆ. ಸೇಂಟ್ ಜಾರ್ಜ್ ಕೋಟೆಯಿಂದ ನಡೆದು ಹೋಗುವಷ್ಟೇ ದೂರದಲ್ಲಿ, ಒಂದು ಕಾಲಕ್ಕೆ ಬ್ಲ್ಯಾಕ್ ಟೌನ್ ಎನಿಸಿಕೊಂಡಿದ್ದ ಭಾಗದಲ್ಲಿ, ಗುಜರಾತಿಗಳೂ ಆಮೇಲೆ ಮಾರವಾಡಿಗಳೂ ಬಂದು ಲೇವಾದೇವಿಗೆ ಕೂತರು. ಲೇವಾದೇವಿ ಎಂದರೆ ಹಣ ಊರಿಂದ ಊರಿಗೆ ಓಡಾಡಬೇಕು. ರೈಲು ಬರುವ ಮೊದಲು ಅದು ಓಡಾಡುತ್ತಿದ್ದದ್ದು ಎತ್ತಿನ ಬೆನ್ನ ಮೇಲೆ, ಕಾಲಾಳುಗಳ ಸೊಂಟದ ಗಂಟಿನಲ್ಲಿ. ಮದರಾಸಿನಿಂದ ಆರ್ಕಾಟು, ಚಿತ್ತೂರು ದಾಟಿ ಮೈಸೂರು ಸೀಮೆಗೆ ಹೋಗುವ ದಾರಿಗಳಲ್ಲಿ ಆ ಗಂಟಿಗಾಗಿ ಕಾಯುವವರೂ ಇದ್ದರು. ಇಂಗ್ಲಿಷರು ಅವರನ್ನು ಫಾನ್ಸಿಗಾರರು ಎಂದು ಬರೆದಿಟ್ಟರು. ಕನ್ನಡದಲ್ಲಿ ಅವರಿಗಿದ್ದ ಹೆಸರು ತಂತಿ ಕಳ್ಳರು, ಅಂದರೆ ಕೊರಳಿಗೆ ಕುಣಿಕೆ ಹಾಕಿ ಕೊಂದು ದೋಚುವವರು.

ಅದೇ ಇಂಗ್ಲಿಷರ ಸ್ವಂತ ನಾಡಿನಲ್ಲೂ ದಾರಿಗಳ್ಳರಿಗೆ ಬರವಿರಲಿಲ್ಲ. ಅವರಲ್ಲಿ ಹೆಸರಾದವನು ಡಿಕ್ ಟರ್ಪಿನ್. ಕಥೆಗಳಲ್ಲಿ ಅವನು ಬ್ಲ್ಯಾಕ್ ಬೆಸ್ ಎಂಬ ಕುದುರೆಯನ್ನೇರಿ ಲಂಡನ್ನಿನಿಂದ ಯಾರ್ಕ್‌ಗೆ ಒಂದೇ ಓಟದಲ್ಲಿ ಹೋದ ಧೀರ. ನಿಜದ ಟರ್ಪಿನ್ ಎಸೆಕ್ಸಿನ ಕಟುಕ. ಒಂಟಿ ಮನೆಗಳಿಗೆ ನುಗ್ಗಿ, ಹಣ ಎಲ್ಲಿದೆಯೆಂದು ಬಾಯಿ ಬಿಡಿಸಲು ಮುದುಕರನ್ನೂ ಹಿಂಸಿಸುತ್ತಿದ್ದ ಗುಂಪಿನಲ್ಲಿದ್ದವನು. 1737ರಲ್ಲಿ ತನ್ನನ್ನು ಹಿಡಿಯಲು ಬಂದವನೊಬ್ಬನನ್ನು ಗುಂಡಿಕ್ಕಿ ಕೊಂದು, ಹೆಸರು ಬದಲಿಸಿಕೊಂಡು ಯಾರ್ಕ್‌ಷೈರಿಗೆ ಓಡಿಹೋದ. ಅಲ್ಲಿ ಯಾರದೋ ಹುಂಜಕ್ಕೆ ಗುಂಡು ಹೊಡೆದು ಜಗಳ ಮಾಡಿಕೊಂಡು ಸೆರೆಮನೆ ಸೇರಿದ. ಸೆರೆಮನೆಯಿಂದ ಮನೆಯವರಿಗೆ ಬರೆದ ಕಾಗದ, ಬಾಲ್ಯದಲ್ಲಿ ಅವನಿಗೆ ಅಕ್ಷರ ತಿದ್ದಿಸಿದ ಮೇಷ್ಟರ ಕಣ್ಣಿಗೆ ಬಿತ್ತು. ಕೈಬರಹ ಗುರುತಾಯಿತು. 1739ರ ಏಪ್ರಿಲ್ 7ರಂದು ಯಾರ್ಕ್‌ನಲ್ಲಿ ಅವನನ್ನು ಗಲ್ಲಿಗೇರಿಸಿದ್ದು ಕುದುರೆ ಕದ್ದ ತಪ್ಪಿಗೆ. ಆ ಪ್ರಸಿದ್ಧ ಓಟವನ್ನು ಅವನ ತಲೆಗೆ ಗಟ್ಟಿಯಾಗಿ ಕಟ್ಟಿದ್ದು, ಅವನು ಸತ್ತು 95 ವರ್ಷಗಳಾದ ಮೇಲೆ, 1834ರಲ್ಲಿ ಐನ್ಸ್‌ವರ್ತ್ ಬರೆದ ‘ರುಕ್‌ವುಡ್’ ಕಾದಂಬರಿ.

ಮೈಸೂರು ಸೀಮೆಯ ಕಥೆ ಬೇರೆ ದಿಕ್ಕು ಹಿಡಿಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ಕಾಲಕ್ಕೇ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಫಾನ್ಸಿಗಾರರು ಸೆರೆಸಿಕ್ಕರು. 1807ರಲ್ಲಿ ಚಿತ್ತೂರು–ಆರ್ಕಾಟುಗಳ ನಡುವೆ, ತಿರುವಾಂಕೂರಿನವರೆಗೆ ಹೋಗಿ ಲೂಟಿಯೊಂದಿಗೆ ಮರಳುತ್ತಿದ್ದ ಇನ್ನೊಂದು ಗುಂಪಿನವರು ಸಿಕ್ಕರು. ಅವರ ಬಗ್ಗೆ ಚಿತ್ತೂರಿನ ಮ್ಯಾಜಿಸ್ಟ್ರೇಟರ ಕಚೇರಿಯಲ್ಲಿ ಸೇರಿದ ಮಾಹಿತಿ ಬಳಸಿ, ಮದರಾಸಿನ ಸರ್ಕಾರಿ ವೈದ್ಯ ರಿಚರ್ಡ್ ಶೆರ್‌ವುಡ್ 1816ರಲ್ಲಿ ಒಂದು ಪ್ರಬಂಧ ಬರೆದ. ಮುಂದೆ ‘ಥಗ್ಗರು’ ಎಂಬ ಹೆಸರಿನಲ್ಲಿ ಜಗತ್ತೆಲ್ಲ ಹಬ್ಬಿದ ಕಥೆಯ ಬೇರು ಇದರಲ್ಲಿದೆ. ಗುಟ್ಟಿನ ಭಾಷೆ, ಕಾಳಿಯ ಪೂಜೆ, ಶಕುನ ನೋಡಿ ಹೊರಡುವುದು, ತಂದೆಯಿಂದ ಮಗನಿಗೆ ಇಳಿಯುವ ಕಸುಬು ಎಲ್ಲವೂ ಅಲ್ಲಿವೆ. ಅದೇ ಪ್ರಬಂಧದಲ್ಲಿ ಇನ್ನೊಂದು ಸಂಗತಿಯೂ ಇದೆ: ಇವರು ಊರಲ್ಲಿ ಬೇಸಾಯ ಮಾಡಿಕೊಂಡಿದ್ದವರು, ಪಾಳೆಯಗಾರರಿಗೆ, ಊರ ಮುಖಂಡರಿಗೆ ಲೂಟಿಯಲ್ಲಿ ಪಾಲು ಕೊಟ್ಟು ಅವರ ನೆರಳಲ್ಲಿ ಬದುಕುತ್ತಿದ್ದವರು. ಯುದ್ಧಗಳು ಮುಗಿದು ಸೈನ್ಯಗಳು ಚದುರಿದ ಕಾಲದಲ್ಲಿ ಇಂಥ ಗುಂಪುಗಳಿಗೆ ಜನ ಸಿಗುವುದು ಕಷ್ಟವಿರಲಿಲ್ಲ. ಆದರೆ ಓದುಗರ ನೆನಪಲ್ಲಿ ಉಳಿದದ್ದು ಕಾಳಿ. ಪಾಲು ತಿಂದ ಪಾಳೆಯಗಾರ ಮರೆತುಹೋದ.

ಸಾಹುಕಾರರಿಗೆ ಕಳ್ಳನ ದೇವರು ಯಾವುದೆಂಬ ಚಿಂತೆ ಇರಲಿಲ್ಲ. ಅವರ ಉತ್ತರ ಕಾಗದದಲ್ಲಿತ್ತು. ಅದೇ ಹುಂಡಿ. ಈ ಊರಿನ ಗಾದಿಯಲ್ಲಿ ಹಣ ಕಟ್ಟಿದರೆ, ಬೇರೆ ಊರಿನ ಗಾದಿಯಲ್ಲಿ ಎಣಿಸಿ ಕೊಡುತ್ತಾರೆ. ತೋರಿಸಿದೊಡನೆ ಕೊಡಬೇಕಾದದ್ದು ದರ್ಶನಿ ಹುಂಡಿ, ವಾಯಿದೆ ಮುಗಿದ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಶಾಹ್‌ಜೋಗ್ ಹುಂಡಿಯ ಹಣವನ್ನು ಪೇಟೆಯಲ್ಲಿ ಹೆಸರುಳ್ಳ ಸಾಹುಕಾರನ ಕೈಗೆ ಮಾತ್ರ ಕೊಡಬೇಕು. ಅದನ್ನು ಕದ್ದವನು ಎಲ್ಲಿಗೆ ಒಯ್ದಾನು? ಹುಂಡಿ ಕಳೆದುಹೋದರೆ ‘ಪೇಠ್’ ಎಂಬ ಎರಡನೇ ಪ್ರತಿ, ಅದೂ ಹೋದರೆ ‘ಪರ್‌ಪೇಠ್’ ಎಂಬ ಮೂರನೆಯದು. ಇಂಗ್ಲೆಂಡಿನಲ್ಲೂ ಜನ ಬ್ಯಾಂಕ್ ನೋಟನ್ನು ಎರಡು ತುಂಡು ಮಾಡಿ, ಒಂದು ತಲುಪಿದ ಮೇಲೆ ಇನ್ನೊಂದನ್ನು ಅಂಚೆಗೆ ಹಾಕುತ್ತಿದ್ದರು. ಅಲ್ಲಿ ಸುಂಕದ ಗೇಟುಗಳು, 1805ರಿಂದ ಲಂಡನ್ನಿನ ಸುತ್ತ ಕುದುರೆ ಪಹರೆ, ಬ್ಯಾಂಕುಗಳು, ಕೊನೆಗೆ ರೈಲು ಎಲ್ಲ ಸೇರಿ ದಾರಿಗಳ್ಳನ ಹೊಟ್ಟೆಪಾಡು ನಿಲ್ಲಿಸಿದವು. ದಕ್ಷಿಣದ ಮೊದಲ ರೈಲು 1856ರ ಜುಲೈ 1ರಂದು ಸೌಕಾರ್‌ಪೇಟೆಗೆ ಹತ್ತಿರದ ರಾಯಪುರದಿಂದ ಹೊರಟು ಆರ್ಕಾಟಿನ ಬಳಿಯ ವಾಲಾಜಾ ರೋಡಿಗೆ ಹೋಯಿತು. ಹಣ ಹೊತ್ತವರು ಜೀವ ಕೈಯಲ್ಲಿ ಹಿಡಿದು ನಡೆದಿದ್ದ ದಿಕ್ಕಿಗೇ.

ಅಪಾಯ ಕಳೆದ ಮೇಲೆ ಇಂಗ್ಲೆಂಡಿನ ಕಳ್ಳ ಕಥಾನಾಯಕನಾದ. ಇಲ್ಲಿಯವನು ಹಾಗಾಗಲಿಲ್ಲ. ‘ರುಕ್‌ವುಡ್’ ಬಂದ ಐದೇ ವರ್ಷಕ್ಕೆ, 1839ರಲ್ಲಿ, ‘ಕನ್‌ಫೆಷನ್ಸ್ ಆಫ್ ಎ ಥಗ್’ ಬಂತು. ಬರೆದವನು ಫಿಲಿಪ್ ಮೆಡೋಸ್ ಟೇಲರ್, ಮುಂದೆ ಸುರಪುರದ ಆಡಳಿತ ನಡೆಸಿದವನು. ಅಲ್ಲಿ ಕೊಲೆಗಾರ ಒಬ್ಬ ವ್ಯಕ್ತಿಯಷ್ಟೇ ಅಲ್ಲ, ಒಂದು ಪರಂಪರೆಯ ಪ್ರತಿನಿಧಿ. ಕಾನೂನೂ ಅದೇ ಹಾದಿ ಹಿಡಿದಿತ್ತು. 1836ರ ಕಾಯ್ದೆಯ ಪ್ರಕಾರ ಥಗ್ಗರ ಗುಂಪಿಗೆ ಸೇರಿದವನೆಂದು ರುಜುವಾದರೆ ಸಾಕು, ಜೀವಾವಧಿ ಸೆರೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಗುಂಪಿನಿಂದ ಇಡೀ ಸಮುದಾಯಕ್ಕೆ ದಾಟಿತು. 1911ರಲ್ಲಿ ಅದು ಮದರಾಸಿಗೂ ಬಂತು. ಅದರ ಹೊಡೆತ ತಿಂದವರಲ್ಲಿ ಕೊರಚರು, ಕೊರವರು ಸೇರಿದ್ದರು. ಎತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ಹೇರಿಕೊಂಡು ಹೋಗಿ ಮಾರುತ್ತಿದ್ದವರು ಅವರು. ಅವರ ವ್ಯಾಪಾರ ಮುರಿದದ್ದು ಸರ್ಕಾರದ ಉಪ್ಪಿನ ನೀತಿಯಿಂದ, ಮತ್ತು ದಾರಿಯನ್ನು ಸುರಕ್ಷಿತ ಮಾಡಿದ ಅದೇ ರೈಲಿನಿಂದ. ಕೆಲಸ ಕಳಕೊಂಡು ಅಲೆಯುವವನು ಸರ್ಕಾರದ ಕಣ್ಣಿಗೆ ಹುಟ್ಟುಗಳ್ಳನಾಗಿ ಕಂಡ.

ಕಳ್ಳತನವನ್ನು ಮುಚ್ಚಿಹಾಕಿದರೆ ಸತ್ತ ದಾರಿಹೋಕರಿಗೆ ಅನ್ಯಾಯ. ತಂತಿ ಕಳ್ಳರು ಕೊಂದದ್ದು ನಿಜ, ಟರ್ಪಿನ್ ಕೊಂದದ್ದೂ ನಿಜ. ಆದರೆ ಟರ್ಪಿನ್ ಕುದುರೆ ಕದ್ದನೆಂದು ಎಸೆಕ್ಸಿನ ಕಟುಕರ ಮಕ್ಕಳೆಲ್ಲ ಠಾಣೆಗೆ ಹೋಗಿ ಹಾಜರಿ ಹಾಕಬೇಕಾಗಿ ಬರಲಿಲ್ಲ. ಅವನದು ಎನ್ನುವ ಸಮಾಧಿಯನ್ನು ಯಾರ್ಕ್‌ನಲ್ಲಿ ಪ್ರವಾಸಿಗರು ನೋಡಿ ಬರುತ್ತಾರೆ. ಇಲ್ಲಿ ಆ ಕಾಯ್ದೆ ರದ್ದಾಗಿ, 1952ರ ಆಗಸ್ಟ್ 31ರಂದು ಸಮುದಾಯಗಳು ಪಟ್ಟಿಯಿಂದ ಬಿಡುಗಡೆಯಾದವು. ಆ ದಿನವನ್ನು ಅವರು ವಿಮುಕ್ತ ದಿನವೆಂದು ಆಚರಿಸುತ್ತಾರೆ. ತಂತಿಬೇಲಿಯೊಳಗೆ ಅವರನ್ನು ಕೂಡಿಹಾಕಿದ್ದ ಜಾಗಗಳಲ್ಲಿ ಹುಬ್ಬಳ್ಳಿಯದೂ ಒಂದು. ಬೇಲಿ ಹೋಗಿದೆ. ಊರವರ ಬಾಯಲ್ಲಿ ಆ ಜಾಗದ ಹೆಸರು ಮಾತ್ರ ಇವತ್ತಿಗೂ ಸೆಟ್ಲಮೆಂಟ್.