ಬೆರಕೆಯ ಮರಿ ಯಾರೊಡನೆ ಜೋಡಿಯಾಗುತ್ತದೆ? ಡ್ಯಾಫ್ನೆ ಮೇಜರ್ ಫಿಂಚ್‌ಗಳು ಮತ್ತು ಪ್ರಭೇದೋತ್ಪತ್ತಿ

ಜೀನ್‌ಗಳ ಹರಿವು ಪ್ರಭೇದವನ್ನು ಒಟ್ಟಾಗಿ ಹಿಡಿದಿಡುತ್ತದೆ, ಭೌಗೋಳಿಕ ಅಡ್ಡಿಯಿಂದ ಅದು ನಿಂತಾಗಲೇ ಹೊಸ ಪ್ರಭೇದ ಮೂಡುತ್ತದೆ ಎಂಬುದು ಅರ್ನ್‌ಸ್ಟ್ ಮೇಯರ್ 1942ರಲ್ಲಿ ಮಂಡಿಸಿ 1963ರಲ್ಲಿ ವಿಸ್ತರಿಸಿದ ವಾದ. ನಿಸರ್ಗದಲ್ಲಿ ಈ ಹರಿವು ಎಣಿಸಿದ್ದಕ್ಕಿಂತ ಕ್ಷೀಣ, ನಿರ್ಣಾಯಕವಾದದ್ದು ನಿಸರ್ಗದ ಆಯ್ಕೆ ಎಂದು 1969ರಲ್ಲಿ ಪಾಲ್ ಎರ್ಲಿಕ್ ಮತ್ತು ಪೀಟರ್ ರೇವನ್ ಆಕ್ಷೇಪಿಸಿದರು. ಎರಡು ಪಕ್ಷಗಳ ಗಮನವೂ ಹರಿವಿನ ಪ್ರಮಾಣದ ಮೇಲಿತ್ತು. ಬೆರಕೆಯ ಮರಿ ಮುಂದೆ ಯಾರೊಡನೆ ಜೋಡಿಯಾಗುತ್ತದೆ ಎಂಬುದೇ ಹೆಚ್ಚು ಮುಖ್ಯ ಎಂಬುದು ಈ ಲೇಖನದ ವಾದ.

ಗಲಾಪಗೋಸ್‌ನ ಡ್ಯಾಫ್ನೆ ಮೇಜರ್ ಅರ್ಧ ಚದರ ಕಿಲೋಮೀಟರೂ ಇಲ್ಲದ ನಡುಗಡ್ಡೆ. ಪೀಟರ್ ಮತ್ತು ರೋಸ್ಮೆರಿ ಗ್ರಾಂಟ್ 1973ರಿಂದ ಇಲ್ಲಿನ ಫಿಂಚ್‌ಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ವಂಶಾವಳಿ ದಾಖಲಿಸಿದರು. ಮಧ್ಯಮ ನೆಲಫಿಂಚ್ ಮತ್ತು ಕಳ್ಳಿಫಿಂಚ್ ಇಲ್ಲಿ ಆಗೀಗ ಕೂಡುತ್ತವೆ. ಗಂಡುಮರಿ ತಂದೆಯ ಹಾಡನ್ನು ಕಲಿಯುತ್ತದೆ, ಹೆಣ್ಣುಮರಿ ಅಂಥ ಹಾಡಿಗೇ ಒಲಿಯುತ್ತದೆ. ಹೀಗೆ ಬೆರಕೆಯ ಮರಿಗಳು ತಂದೆಯ ಪ್ರಭೇದಕ್ಕೆ ಮರಳಿ, ಮೂರು ದಶಕಗಳಲ್ಲಿ ಎರಡೂ ಪ್ರಭೇದಗಳ ಕೊಕ್ಕಿನ ಆಕಾರ ಹತ್ತಿರವಾಯಿತು. ಈ ಮಟ್ಟಿಗೆ ಮೇಯರ್ ಹೇಳಿದ್ದು ಸರಿ.

ಅದೇ ನಡುಗಡ್ಡೆಗೆ 1981ರಲ್ಲಿ ದೊಡ್ಡ ಮೈಯ, ದಪ್ಪ ಕೊಕ್ಕಿನ ಗಂಡುಹಕ್ಕಿಯೊಂದು ಬಂದು ಮಧ್ಯಮ ನೆಲಫಿಂಚ್ ಹೆಣ್ಣಿನೊಡನೆ ಕೂಡಿತು. ಇದು ಸಾಂತಾ ಕ್ರೂಜ್ ದ್ವೀಪದ ಮಿಶ್ರತಳಿ ಇರಬೇಕೆಂದು ಗ್ರಾಂಟ್ ದಂಪತಿ 2009ರಲ್ಲಿ ಊಹಿಸಿದ್ದರು. 2018ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ಅದನ್ನು ತಿದ್ದಿತು: ಹಕ್ಕಿ ಬಂದದ್ದು ನೂರು ಕಿಲೋಮೀಟರಿಗೂ ಆಚೆಯ ಎಸ್ಪನ್ಯೋಲಾದಿಂದ, ಅದು ದೊಡ್ಡ ಕಳ್ಳಿಫಿಂಚ್. ಅದರ ಗಂಡುಮರಿಗಳು ಕಲಿತದ್ದು ಊರಿನ ಹೆಣ್ಣುಗಳಿಗೆ ಪರಿಚಯವಿಲ್ಲದ ಹಾಡು. ಎರಡನೆಯ ತಲೆಮಾರಿನಿಂದಾಚೆಗೆ ಸಂತತಿ ತನ್ನೊಳಗೇ ಜೋಡಿಯಾಯಿತು. 2003–05ರ ಬರದಲ್ಲಿ ಅಣ್ಣತಂಗಿ ಮಾತ್ರ ಉಳಿದರೂ ವಂಶ ಮತ್ತೆ ಬೆಳೆಯಿತು.

ಮೇಯರ್ ಪಕ್ಷದವರು ಇಲ್ಲಿ ಬಲವಾದ ಆಕ್ಷೇಪವೆತ್ತಬಹುದು: ಹಾಡೂ ಮೈಗಾತ್ರವೂ ಎಸ್ಪನ್ಯೋಲಾದ ಏಕಾಂತದಲ್ಲೇ ರೂಪುಗೊಂಡಿರಬಹುದು, ಹಾಗಿದ್ದರೆ ಬೇಲಿ ಆಮದಾದದ್ದು. ಇದನ್ನು ಅಲ್ಲಗಳೆಯಲಾರೆ. ಆದರೆ ಹೊಸ ಸಂತತಿಯ ಕೊಕ್ಕಿನ ರೂಪ ಎರಡೂ ಪೂರ್ವಜ ಪ್ರಭೇದಗಳ ಎಲ್ಲೆ ಮೀರಿದ್ದು, ಅದು ಬೆರಕೆಯಿಂದಲೇ ಒದಗಿದ್ದು. ಆದ್ದರಿಂದ ಜೀನ್‌ಗಳ ಹರಿವು ಒಮ್ಮೆ ಬಂದು ಕೂಡಲೇ ಮುಚ್ಚಿಕೊಂಡರೆ ಅದು ಪ್ರಭೇದೋತ್ಪತ್ತಿಗೆ ತಡೆಯಾಗುವ ಬದಲು ಸಾಮಗ್ರಿಯೇ ಆಗಬಹುದು. ಒಂದೇ ವಂಶ, ತೀವ್ರ ಒಳಸಂಕರ, ಕೆಲವೇ ದಶಕಗಳ ಅವಧಿ: ಇಷ್ಟರ ಮೇಲೆ ಸಾಮಾನ್ಯ ನಿಯಮ ಕಟ್ಟುವುದು ದುಡುಕು. ಹಕ್ಕಿಗಳಾಚೆ, ಹಾಡು ಕಲಿಯದ ಜೀವಿಗಳಿಗೆ ಈ ವಾದ ಅನ್ವಯಿಸುವುದೇ ಎಂಬುದನ್ನೂ ಬೇರೆಯಾಗಿ ಪರೀಕ್ಷಿಸಬೇಕು.

ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಈ ಸಂತತಿಯನ್ನು ಮಧ್ಯಮ ನೆಲಫಿಂಚ್‌ನಿಂದ ಬೇರ್ಪಡಿಸಿರುವುದು ಅದರ ಜೋಡಿಯ ಆಯ್ಕೆ, ಎಸ್ಪನ್ಯೋಲಾದ ಬಂಧುಗಳಿಂದ ಬೇರ್ಪಡಿಸಿರುವುದು ಕಡಲು. ಅಲ್ಲಿಂದ ಇನ್ನೊಂದು ಹಕ್ಕಿ ಬಂದಿಳಿದರೆ ಈ ಸಂತತಿಯ ಹೆಣ್ಣು ಅದಕ್ಕೆ ಒಲಿಯುವುದೇ ಎಂಬುದು ಗೊತ್ತಾಗುವ ತನಕ ಇದನ್ನು ಪೂರ್ಣ ಪ್ರಭೇದವೆನ್ನಲು ನಾನು ಹಿಂಜರಿಯುತ್ತೇನೆ.